ಉಪ್ಪಿನ ಡಬ್ಬಿಯ ಮೇಲೊಂದು ದೀಪ

ಮನೆಯಲ್ಲಿ ಏನಾದರೂ ಎಡವಟ್ಟು ಮಾಡಿದ ಗಂಡಸು ‘ತಪ್ಪಾಯಿತು’ ಎಂದು ಹೇಳುವ ಬದಲು ಬೇರೆ ಏನು ಬೇಕಾದರೂ ಮಾಡಿಯಾನು. ಫ್ಯಾನು ಬಿಚ್ಚಿ ಒರೆಸಿಯಾನು, ಎರಡು ವರ್ಷದಿಂದ ತೊಟ್ಟಿಕ್ಕುತ್ತಿದ್ದ ನಲ್ಲಿಗೆ ವಾಷರು ಹಾಕಿಯಾನು, ಯಾರೂ ಕೇಳದಿದ್ದರೂ ಮಾರುಕಟ್ಟೆಗೆ ಹೋಗಿ ಒಂದು ಮೊಳ ಮಲ್ಲಿಗೆ ತಂದಾನು. ಆ ಒಂದು ಮಾತು ಮಾತ್ರ ಗಂಟಲಿನಿಂದ ಈಚೆಗೆ ಬರುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಹೆಂಡತಿಯ ಹುಟ್ಟುಹಬ್ಬ ಮರೆತದ್ದಕ್ಕೆ ಇಡೀ ಕಾಂಪೌಂಡಿಗೆ ತಾವೇ ಸುಣ್ಣ ಹೊಡೆದು, ಬೆನ್ನು ಹಿಡಿದುಕೊಂಡು, ವಾರವೆಲ್ಲ ಕಚೇರಿಗೆ ರಜೆ ಹಾಕಿದ್ದರು. ಆಗ ನಾನು ಅವರನ್ನು ನೋಡಿ ನಕ್ಕಿದ್ದೆ. ಈಗ ನಗುವ ಯೋಗ್ಯತೆ ನನಗೆ ಉಳಿದಿಲ್ಲ. ಏಕೆಂದರೆ ನಾನು ಅದೇ ಮಾತನ್ನು ತಪ್ಪಿಸಿಕೊಳ್ಳಲು ನಮ್ಮ ಅಡುಗೆಮನೆಯ ಗೋಡೆ ಕೊರೆಸಿ, ಕಪಾಟುಗಳ ಕೆಳಗೆ ಉದ್ದಕ್ಕೂ ದೀಪ ಹಾಕಿಸಿದೆ. ನೋಡಿದವರೆಲ್ಲ ‘ಎಷ್ಟು ಚೆನ್ನಾಗಿದೆ, ಅಮ್ಮನ ಮೇಲೆ ಎಷ್ಟು ಪ್ರೀತಿ’ ಎಂದರು. ನಾನು ತಲೆ ತಗ್ಗಿಸಿದೆ. ಅದನ್ನೂ ಅವರು ವಿನಯವೆಂದುಕೊಂಡರು.

ಮೊದಲು ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮದು ದಟ್ಟಗಳ್ಳಿಯಲ್ಲಿ ಒಂದು ಸಾಧಾರಣ ಮನೆ. ಮನೆಯಲ್ಲಿ ಮೂರೇ ಜನ: ನಾನು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನ್ನ ಹೆಂಡತಿ ಸುಮಿತ್ರ, ಮತ್ತು ನನ್ನ ಅಮ್ಮ. ನನ್ನದು ಅಂಗಡಿಗಳ ತೂಕ ಮತ್ತು ಅಳತೆಗಳನ್ನು ಪರೀಕ್ಷಿಸುವ ಸರ್ಕಾರಿ ನೌಕರಿ. ತೂಕದ ಬಟ್ಟು ಸವೆದಿದೆಯೇ, ತಕ್ಕಡಿ ಸಮವಾಗಿ ನಿಲ್ಲುತ್ತದೆಯೇ ಎಂದು ನೋಡಿ, ಸರಿಯಿದ್ದರೆ ಮುದ್ರೆ ಒತ್ತುವುದು, ಸರಿಯಿಲ್ಲದಿದ್ದರೆ ಕೇಸು ಬರೆಯುವುದು. ಇಪ್ಪತ್ತೆರಡು ವರ್ಷಗಳಲ್ಲಿ ತಕ್ಕಡಿಯ ತಟ್ಟೆಗೆ ಹೆಬ್ಬೆರಳು ತಾಗಿಸಿ ಸಿಕ್ಕಿಬಿದ್ದವರ ಮುಖ ಎಷ್ಟೋ ನೋಡಿದ್ದೇನೆ. ಸಿಕ್ಕಿಬಿದ್ದವರೆಲ್ಲ ಹೇಳುವುದು ಒಂದೇ ಮಾತು: ‘ಕೈ ತಪ್ಪಿ ಆಗೋಯ್ತು ಸಾರ್.’ ಕೈ ತಪ್ಪಿದಾಗ ಅದು ಯಾವತ್ತೂ ಗಿರಾಕಿಯ ಕಡೆಗೇಕೆ ತಪ್ಪುವುದಿಲ್ಲ ಎಂದು ನಾನು ಅವರನ್ನು ಗಂಭೀರವಾಗಿ ಕೇಳುತ್ತಿದ್ದೆ. ಆ ಪ್ರಶ್ನೆ ನನಗೆ ತುಂಬ ಇಷ್ಟವಾಗಿತ್ತು. ಮನೆಗೆ ಬಂದು ಸುಮಿತ್ರಳಿಗೂ ಅಮ್ಮನಿಗೂ ಅದನ್ನು ಮತ್ತೆ ಮತ್ತೆ ಹೇಳಿದ್ದುಂಟು.

ಮೂರು ವರ್ಷದ ಹಿಂದೆ ನನಗೆ ಬಿ.ಪಿ. ಇದೆಯೆಂದು ಗೊತ್ತಾಯಿತು. ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟು, ಉಪ್ಪು ಕಡಿಮೆ ಮಾಡಿ ಎಂದರು. ಅದನ್ನು ನನಗೊಬ್ಬನಿಗೇ ಹೇಳಿದ್ದರೆ ವಿಷಯ ಅಲ್ಲಿಗೇ ಮುಗಿದುಹೋಗುತ್ತಿತ್ತು. ಆದರೆ ಪಕ್ಕದಲ್ಲಿ ಅಮ್ಮ ಕೂತಿದ್ದಳು. ನಮ್ಮ ಮನೆಯಲ್ಲಿ ಬೆಳಗಿನ ತಿಂಡಿ ಸುಮಿತ್ರಳದು, ಎರಡು ಹೊತ್ತಿನ ಸಾರು ಅಮ್ಮನದು. ಅವಳು ಟಿ. ನರಸೀಪುರದ ಕಡೆಯ ಬೇಸಾಯದ ಮನೆಯಲ್ಲಿ ಹುಟ್ಟಿ, ಹತ್ತು ವರ್ಷಕ್ಕೇ ಒಲೆಯ ಮುಂದೆ ನಿಂತವಳು. ಅವಳು ಮಾಡುವ ಉಪ್ಸಾರು ತಿಂದವರು ನಮ್ಮ ಬಂಧುಗಳಲ್ಲಿ ಅದರ ಮಾತೆತ್ತದೆ ಇರುವುದಿಲ್ಲ. ಸೊಪ್ಪು, ಬೇಳೆ ಬೇಯಿಸಿ, ಬಸಿದ ನೀರಿಗೆ ಉಪ್ಪು ಹದವಾಗಿ ಬಿದ್ದು, ಪಕ್ಕದಲ್ಲಿ ಬೆಳ್ಳುಳ್ಳಿ ಖಾರ, ತಟ್ಟೆಯಲ್ಲಿ ಬಿಸಿ ಮುದ್ದೆ. ಹೆಸರಿನಲ್ಲೇ ಉಪ್ಪಿರುವ ಆ ಸಾರಿಗೆ ಮರುದಿನದಿಂದ ಉಪ್ಪು ಹೆಸರಿಗಷ್ಟೇ ಬೀಳತೊಡಗಿತು. ಊಟದ ಮೇಜಿನ ಮೇಲಿದ್ದ ಉಪ್ಪಿನ ಪುಟ್ಟ ಬಟ್ಟಲೂ ಮಾಯವಾಯಿತು. ಅಮ್ಮ ಬಡಿಸಿ, ಎದುರಿಗೆ ಕೂತು, ನಲವತ್ತು ವರ್ಷದಿಂದ ಕೇಳುತ್ತಿರುವಂತೆಯೇ ‘ಉಪ್ಪು ಸರಿಯಾಗದಾ?’ ಎಂದು ಕೇಳುವಳು. ಇಲ್ಲ ಎಂದರೆ ಡಾಕ್ಟರ ಹೆಸರು ಬರುತ್ತದೆ. ಸರಿಯಾಗಿದೆ ಎಂದು ನುಂಗುತ್ತಿದ್ದೆ.

ಒಂದು ತಿಂಗಳು ನುಂಗಿದೆ. ಆಮೇಲೆ ಒಂದು ದಿನ ಅಮ್ಮ ಸಾರು ಇಳಿಸಿ, ಬಾಗಿಲ ಬಳಿ ಯಾರೊಂದಿಗೋ ಮಾತಾಡಲು ಹೋದಾಗ, ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಡಬ್ಬಿಯಿಂದ ಒಂದು ಚಿಟಿಕೆ ಕಲ್ಲುಪ್ಪು ತೆಗೆದು ಪಾತ್ರೆಗೆ ಹಾಕಿ ತಿರುವಿಬಿಟ್ಟೆ. ಇಡೀ ಪಾತ್ರೆಗೆ ಒಂದು ಚಿಟಿಕೆ, ಯಾರಿಗೂ ಗೊತ್ತಾಗಲಿಲ್ಲ. ಮರುದಿನವೂ ಗೊತ್ತಾಗಲಿಲ್ಲ. ಆಮೇಲೆ ಅದೊಂದು ದಿನಚರಿಯಾಯಿತು. ಡಾಕ್ಟರ ಬಳಿ ಹೋದಾಗ ಬಿ.ಪಿ. ಇಳಿದಿರಲಿಲ್ಲ. ಅವರು ತಲೆ ಕೆರೆದುಕೊಂಡು ಮಾತ್ರೆ ಜೋರು ಮಾಡಿದರು, ಅಮ್ಮ ಉಪ್ಪು ಇನ್ನಷ್ಟು ಕಡಿಮೆ ಮಾಡಿದಳು, ನನ್ನ ಚಿಟಿಕೆ ಸ್ವಲ್ಪ ದಪ್ಪವಾಯಿತು. ಮುಂದಿನ ಸಲವೂ ಅದೇ ಕಥೆ. ಹೀಗೆ ಮೂವರೂ ಅವರವರ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತ ಬಂದೆವು.

ಹೋದ ವರ್ಷ ಒಂದು ಭಾನುವಾರ ಅಮ್ಮನ ತಮ್ಮ, ನಮ್ಮ ಚಿಕ್ಕಣ್ಣ ಮಾವ ಊಟಕ್ಕೆ ಬಂದ. ಎಪ್ಪತ್ತರ ಹತ್ತಿರದ, ಇನ್ನೂ ಬೈಕು ಓಡಿಸುವ, ಮನಸ್ಸಿಗೆ ಬಂದದ್ದನ್ನು ಆಡಿಯೇ ತೀರುವ ಮನುಷ್ಯ. ಅಕ್ಕನ ಕೈಯ ಉಪ್ಸಾರು ತಿಂದು ವರ್ಷವಾಯಿತು ಎಂದು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದ. ತಮ್ಮ ಬರುತ್ತಾನೆಂದು ಅಮ್ಮ ಅವತ್ತೊಂದು ದಿನ ಡಾಕ್ಟರನ್ನು ಬದಿಗಿಟ್ಟು ಪೂರ್ತಿ ಉಪ್ಪು ಹಾಕಿದ್ದಳು. ಅದು ನನಗೆ ಗೊತ್ತಿರಲಿಲ್ಲ. ಇವತ್ತಾದರೂ ಮಾವನ ಮುಂದೆ ಅಮ್ಮನ ಸಾರು ಸಪ್ಪೆಯಾಗದಿರಲಿ, ಅವಳ ಹೆಸರು ಉಳಿಯಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ನಾನು ಎಂದಿನ ಚಿಟಿಕೆ ಬಿಟ್ಟು ಒಂದು ಹಿಡಿಯನ್ನೇ ಹಾಕಿದೆ. ರುಚಿ ನೋಡಲು ಸಮಯವಿರಲಿಲ್ಲ. ಹೊರಗೆ ಬೈಕಿನ ಸದ್ದು ಕೇಳಿಸಿತ್ತು.

ಮಾವ ಮೊದಲ ತುತ್ತು ನುಂಗಿ ಸಾರಿನ ಕಡೆ ನೋಡಿದ. ಎರಡನೆಯ ತುತ್ತಿಗೆ ನೀರು ಕುಡಿದ. ಅಮ್ಮ ಎದುರಿಗೆ ನಿಂತು ಎಂದಿನಂತೆ ಕೇಳಿದಳು. ಮಾವ ತಟ್ಟೆ ನೋಡುತ್ತ, “ಒಸಿ ಜಾಸ್ತಿ ಆಗದೆ ಕಣಕ್ಕ. ವಯಸ್ಸಾಯ್ತಲ್ಲ, ಕಣ್ಣು ಸರಿಯಾಗಿ ಕಾಣಕಿಲ್ಲ ನಿಂಗೆ. ಎರಡು ಸಲ ಹಾಕ್ಬುಟ್ಟಿದ್ದೀಯ,” ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅಮ್ಮ ಒಂದು ತೊಟ್ಟು ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಅವಳ ಮುಖ ಆಗ ಹೇಗಾಯಿತೆಂದು ನಾನು ವರ್ಣಿಸಲಾರೆ. ನಾನು ಬಾಯಿ ತೆಗೆಯಬೇಕಾಗಿದ್ದ ಕ್ಷಣ ಅದೇ. ಬಾಯಿ ತೆಗೆದೆ ಕೂಡ. ಮುದ್ದೆಯ ತುತ್ತನ್ನು ಒಳಗಿಟ್ಟು ಮುಚ್ಚಿಕೊಂಡೆ.

ಮಾವ ಹೋದ ಮೇಲೆ ಅಮ್ಮ ಸೌಟನ್ನು ತೊಳೆದು ಸುಮಿತ್ರಳ ಕೈಗೆ ಕೊಟ್ಟಳು. ಎರಡು ಸಲ ಹಾಕಿದ್ದು ತನಗೆ ನೆನಪೇ ಇಲ್ಲ, ಕಣ್ಣು ಹೋಯಿತೋ ತಲೆ ಹೋಯಿತೋ ತಿಳಿಯದು, ಇನ್ನು ನೀವೇ ಮಾಡಿಕೊಳ್ಳಿ ಎಂದಳು. ಸುಮಿತ್ರ ಎಷ್ಟು ಸಮಾಧಾನ ಹೇಳಿದರೂ ಕೇಳಲಿಲ್ಲ. ಮರುದಿನದಿಂದ ಹಾಲಿನ ಮೂಲೆಯ ಕುರ್ಚಿಯಲ್ಲಿ ಕೂತು ಬೀದಿ ನೋಡತೊಡಗಿದಳು. ಸುಮಿತ್ರ ಶಾಲೆಗೆ ಓಡುವ ಮುಂಚೆ ಏನೋ ಒಂದು ಸಾರು ಕಾಯಿಸುವಳು. ಸಂಜೆಯದು ನನ್ನ ಪಾಲಿಗೆ ಬಂತು. ನನ್ನ ಅಡುಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಮ್ಮ ಬೀದಿಯ ನಾಯಿ ಕೂಡ ಆ ದಿನಗಳಲ್ಲಿ ಗೇಟಿನ ಬಳಿ ಬರುವುದನ್ನು ಬಿಟ್ಟಿತ್ತು. ಅಮ್ಮ ಮಾತ್ರ ಹಾಕಿದ್ದನ್ನು ಸುಮ್ಮನೆ ತಿಂದು ಏಳುವಳು. ಉಪ್ಪು ಸರಿಯಾಗಿದೆಯೇ ಎಂದು ಕೇಳುವುದನ್ನೇ ನಿಲ್ಲಿಸಿದಳು. ಅಡುಗೆ ಅವಳದಲ್ಲವಲ್ಲ, ಏಕೆ ಕೇಳುತ್ತಾಳೆ? ನಲವತ್ತು ವರ್ಷ ಕಿವಿಗೆ ಬೀಳುತ್ತಿದ್ದ ಆ ಮಾತು ನಿಂತದ್ದು ನನಗೆ ಬಹಳ ಸಂಕಟ ಮಾಡಿತು. ದಿನವೂ ಇವತ್ತು ಹೇಳಿಬಿಡೋಣ ಎಂದುಕೊಳ್ಳುವುದು, ದಿನವೂ ನಾಳೆಗೆ ಮುಂದೂಡುವುದು. ತೂಕದಲ್ಲಿ ಮೋಸ ಹಿಡಿಯುವ ಅಧಿಕಾರಿ ಎಪ್ಪತ್ತಾರು ವರ್ಷದ ತಾಯಿಯ ಸಾರಿಗೆ ಕದ್ದು ಉಪ್ಪು ಹಾಕಿದ ಎಂದು ಹೇಳುವುದು ಹೇಗೆ?

ಆಗ ನನಗೆ ಹೊಳೆದದ್ದು ಬೆಳಕಿನ ಉಪಾಯ. ನಮ್ಮ ಅಡುಗೆಮನೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಅಡುಗೆ ಮಾಡುವಂತೆ ಕಟ್ಟೆ ಕಟ್ಟಿಸಿದ್ದೇವೆ. ಟ್ಯೂಬ್‌ಲೈಟು ಇರುವುದು ಹಿಂದಿನ ಗೋಡೆಯ ಮೇಲೆ. ಹೀಗಾಗಿ ಒಲೆಯ ಮುಂದೆ ನಿಂತವರ ನೆರಳು ಅವರ ಕೈಯ ಮೇಲೆ, ಪಾತ್ರೆಯ ಮೇಲೆ ಬೀಳುತ್ತದೆ. ಜೊತೆಗೆ ಮೇಲಿನ ಕಪಾಟುಗಳು ಬಂದ ಬೆಳಕನ್ನೂ ತಡೆಯುತ್ತವೆ. ನಾನು ಅಮ್ಮನ ಕುರ್ಚಿಯ ಮುಂದೆ ನಿಂತು ಇದನ್ನೆಲ್ಲ ಕಾಗದದ ಮೇಲೆ ಗೆರೆ ಎಳೆದು ವಿವರಿಸಿದೆ. ತಪ್ಪು ಅವಳ ಕಣ್ಣಿನದಲ್ಲ, ಮನೆ ಕಟ್ಟಿದವರದು, ನೆರಳಿನದು, ಕಪಾಟಿನದು ಎಂದೆ. ಹೀಗೆ ನಾನೊಬ್ಬನನ್ನು ಬಿಟ್ಟು ಸುತ್ತಮುತ್ತ ಇದ್ದವರಿಗೆಲ್ಲ ತಪ್ಪನ್ನು ಹಂಚಿದೆ. ಅಮ್ಮ ಕಾಗದ ನೋಡಿ, ನಿನಗೆ ಸರಿ ಕಂಡಂತೆ ಮಾಡಪ್ಪ ಎಂದಳು.

ಮೊದಲು ತಂದದ್ದು ಬ್ಯಾಟರಿಯ ಅಂಟಿಸುವ ದೀಪಗಳು. ದುಂಡಗೆ, ಚಕ್ಕುಲಿಯಷ್ಟು ಅಗಲ, ಒತ್ತಿದರೆ ಹತ್ತುತ್ತವೆ. ಗೋಡೆ ಕೊರೆಯುವ ರಗಳೆಯಿಲ್ಲ ಎಂದು ಖುಷಿಯಿಂದ ಮೂರನ್ನು ಕಪಾಟಿನ ತಳಕ್ಕೆ ಅಂಟಿಸಿದೆ. ಕುಕ್ಕರಿನ ಹಬೆ ಎಂಬುದೊಂದು ಇದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎರಡನೆಯ ದಿನ ಒಂದು ದೀಪ ಸಿಂಕಿಗೆ ಬಿತ್ತು. ಮೂರನೆಯ ದಿನ ಇನ್ನೊಂದು, ಮುಚ್ಚಳ ತೆಗೆದಿಟ್ಟಿದ್ದ ರಾಗಿಹಿಟ್ಟಿನ ಡಬ್ಬಕ್ಕೆ ಬಿದ್ದು, ಹಿಟ್ಟಿನೊಳಗೇ ಹತ್ತಿಕೊಂಡು ಉರಿಯುತ್ತಿತ್ತು. ಸುಮಿತ್ರ ಅದನ್ನು ಹೊರಗೆ ತೆಗೆದು, ಒರೆಸಿ, ನನ್ನ ಆಫೀಸಿನ ಬ್ಯಾಗಿನಲ್ಲಿ ಹಾಕಿದಳು. ಗಣಿತದ ಮೇಷ್ಟ್ರುಗಳು ತಪ್ಪು ಉತ್ತರಕ್ಕೆ ಬರೀ ಅಡ್ಡಗೆರೆ ಎಳೆದು ಸುಮ್ಮನಾಗುತ್ತಾರೆ.

ಆಮೇಲೆ ಸರಸ್ವತಿಪುರಂನ ಒಂದು ದೊಡ್ಡ ಲೈಟಿನ ಅಂಗಡಿಗೆ ಹೋದೆ. ಗೋಡೆಯ ತುಂಬ ಹತ್ತಿಸಿಟ್ಟ ದೀಪಗಳು. ಅಂಗಡಿಯವರು ಪಟ್ಟಿಯಂಥ ಸ್ಟ್ರಿಪ್ಪು, ಅಲ್ಯೂಮಿನಿಯಂ ಕೊಳವೆಯಲ್ಲಿ ಕೂರಿಸಿದ ಪ್ರೊಫೈಲು, ಹಳದಿ, ಬಿಳಿ, ಹಗಲು ಬಿಳಿ ಎಂದು ಒಂದೊಂದಾಗಿ ತೋರಿಸಿದರು. ನಾನು ಪರೀಕ್ಷೆ ಮಾಡದೆ ಯಾವುದನ್ನೂ ಒಪ್ಪುವವನಲ್ಲ. ಮನೆಯಿಂದಲೇ ಒಂದು ಪೊಟ್ಟಣದಲ್ಲಿ ಹುರುಳಿಕಾಳು ತಂದಿದ್ದೆ. ಅದರಲ್ಲಿ ಎಣಿಸಿ ಹತ್ತು ಕಲ್ಲು ಬೆರೆಸಿದ್ದೆ. ಕೌಂಟರಿನ ಮೇಲೆ ಕಾಗದ ಹಾಸಿ, ಹುರುಳಿ ಹರಡಿ, ಪ್ರತಿಯೊಂದು ದೀಪದ ಕೆಳಗೂ ಕಲ್ಲು ಆರಿಸಿದೆ. ಹಳದಿ ದೀಪದಲ್ಲಿ ಆರು ಸಿಕ್ಕಿದವು. ಹಗಲು ಬಿಳಿಯಲ್ಲಿ ಹತ್ತೂ ಸಿಕ್ಕಿದವು, ಆದರೆ ನನ್ನ ಕೈ ಆಸ್ಪತ್ರೆಯಲ್ಲಿ ಮಲಗಿದವರ ಕೈಯಂತೆ ಕಂಡಿತು. ನಡುವಿನ ಬಿಳಿಯಲ್ಲಿ ಒಂಬತ್ತು ಸಿಕ್ಕಿದವು. ಹತ್ತನೆಯದಕ್ಕೆ ಹುಡುಕುತ್ತಿದ್ದಾಗ ಅಂಗಡಿಯವರು, ಅದು ನೆಲಕ್ಕೆ ಬಿದ್ದಿದೆ ಎಂದು ಕಾಲಬುಡದಿಂದ ಎತ್ತಿಕೊಟ್ಟರು. ನನ್ನ ಹಿಂದೆ ಐದಾರು ಜನ ನಿಂತು ನೋಡುತ್ತಿದ್ದರು. ಒಬ್ಬರು ಹುರುಳಿ ಎಲ್ಲಿಯದು ಎಂದೂ ಕೇಳಿದರು. ಅಂತೂ ನಡುವಿನ ಬಿಳಿಯ ಪ್ರೊಫೈಲು ಲೈಟು ಆಯ್ಕೆಯಾಯಿತು. ಅದಕ್ಕೆ ಸ್ವಿಚ್ಚಿನ ಬದಲು ಸೆನ್ಸರ್ ಹಾಕಿಸಿ ಸಾರ್, ಹಿಟ್ಟಿನ ಕೈ ತಾಗಿಸಬೇಕಿಲ್ಲ, ಕೆಳಗೆ ಕೈ ಬೀಸಿದರೆ ಹತ್ತುತ್ತದೆ, ಇನ್ನೊಮ್ಮೆ ಬೀಸಿದರೆ ಆರುತ್ತದೆ ಎಂದರು ಅಂಗಡಿಯವರು. ಅಮ್ಮ ಅದನ್ನು ನೋಡಿ ಮಗುವಿನಂತೆ ಖುಷಿಪಡುತ್ತಾಳೆ ಎಂದು ಅದನ್ನೂ ತೆಗೆದುಕೊಂಡೆ.

ಹಾಕಲು ಬಂದವನು ಕುವೆಂಪುನಗರದ ಎಲೆಕ್ಟ್ರಿಷಿಯನ್ ಸಿದ್ದರಾಜು. ಎಲೆಕ್ಟ್ರಿಷಿಯನ್ನುಗಳು ಯಾವ ಮನೆಗೆ ಬಂದರೂ ಮೊದಲು ಸ್ವಿಚ್‌ಬೋರ್ಡು ಬಿಚ್ಚಿ ನಿಟ್ಟುಸಿರು ಬಿಡುತ್ತಾರೆ. ಸಿದ್ದರಾಜುವೂ ಬಿಟ್ಟ. ಈ ವೈರಿಂಗು ಯಾರು ಸಾರ್ ಮಾಡಿದ್ದು, ಬುದ್ಧಿ ಇರುವವರು ಹೀಗೆ ಎಳೆಯುತ್ತಾರಾ ಎಂದ. ಬಾಕ್ಸಿನೊಳಗೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ವೈರಿಂಗು ಮಾಡಿದವನ ಹೆಸರು ಬರೆದಿತ್ತು. ಅದನ್ನು ಟಾರ್ಚು ಹಾಕಿ ಓದಿ, ಹನ್ನೊಂದು ವರ್ಷದ ಹಿಂದೆ ಮನೆ ಕಟ್ಟುವಾಗ ಬಂದಿದ್ದವನು ತಾನೇ ಎಂಬುದು ನೆನಪಾಗಿ, “ಆವತ್ತಿನ ಲೆಕ್ಕಕ್ಕೆ ಚೆನ್ನಾಗೇ ಮಾಡಿವ್ನಿ ಬುಡಿ,” ಎಂದು ಕೆಲಸಕ್ಕೆ ಕೂತ. ನನಗೆ ಅವನ ಮೇಲೆ ಗೌರವ ಬಂತು. ತನ್ನ ತಪ್ಪು ಸಿಕ್ಕ ಮರುಕ್ಷಣವೇ ಅದನ್ನು ಚೆನ್ನಾಗಿದೆ ಎಂದು ಹೇಳುವ ಧೈರ್ಯವಾದರೂ ಅವನಿಗಿತ್ತು. ಮಧ್ಯಾಹ್ನದ ಹೊತ್ತಿಗೆ ಗೋಡೆ ಕೊರೆದು, ವೈರು ಎಳೆದು, ಕಪಾಟಿನ ಉದ್ದಕ್ಕೂ ದೀಪ ಕೂರಿಸಿ, ಸೆನ್ಸರನ್ನು ಕಪಾಟಿನ ಮುಂದಂಚಿಗೆ, ಒಲೆಯ ಪಕ್ಕ ಸಿಕ್ಕಿಸಿದ. ಕೈ ಬೀಸಿದೆ, ಹತ್ತಿತು. ಬೀಸಿದೆ, ಆರಿತು. ಅವನು ಹೋದ ಮೇಲೂ ಹತ್ತು ಸಲ ಬೀಸಿದೆ.

ಸಂಜೆ ಅಮ್ಮನನ್ನು ಕುರ್ಚಿಯಿಂದ ಎಬ್ಬಿಸಿಕೊಂಡು ಬಂದೆ. ಸುಮಿತ್ರ ಅವಳಿಗೆ ಕೈ ಬೀಸುವುದನ್ನು ತೋರಿಸಿದಳು. ಅಮ್ಮ ಹಿಂಜರಿಯುತ್ತ ಕೈ ಬೀಸಿದಳು. ಕಟ್ಟೆಯುದ್ದಕ್ಕೂ ಬೆಳಕು ಹರಡಿತು. ಅವಳ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಮುಸ್ಸಂಜೆ ಮನೆಯಲ್ಲಿ ದೀಪ ಹತ್ತಿತಲ್ಲ, ಹುಟ್ಟಿದಾಗಿನಿಂದ ಬಂದ ಅಭ್ಯಾಸದಂತೆ ಅಮ್ಮ ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿದಳು. ಅಮ್ಮ ಕುಳ್ಳಗಿನ ಹೆಂಗಸು. ಕಪಾಟಿನ ಅಂಚು ಸರಿಯಾಗಿ ಅವಳ ಹಣೆಯ ಮಟ್ಟಕ್ಕಿದೆ. ಮುಗಿದ ಕೈ ಸೆನ್ಸರಿನ ಕೆಳಗೆ ಹಾದುಹೋಯಿತು. ದೀಪ ಆರಿತು.

ನಾನು ನಕ್ಕು, ಮತ್ತೆ ಬೀಸು ಎಂದೆ. ಬೀಸಿದಳು, ಹತ್ತಿತು. ಹತ್ತಿದ ದೀಪಕ್ಕೆ ಕೈ ಮುಗಿಯದೆ ಇರಲು ಅವಳಿಗೆ ಬರುವುದಿಲ್ಲ. ಮುಗಿದಳು, ಆರಿತು. ಮೂರನೆಯ ಸಲ ನಾನೇ ಬೀಸಿದೆ. ಅವಳು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ತಡೆದಳು. ಆಮೇಲೆ ತಡೆಯಲಾಗಲಿಲ್ಲ. ಅಂಗಡಿಗಳಲ್ಲಿ ಸಂಜೆ ಲೈಟು ಹಾಕಿದೊಡನೆ ವ್ಯಾಪಾರಿಗಳು ಲೈಟಿಗೂ ತಕ್ಕಡಿಗೂ ಕೈ ಮುಗಿಯುವುದನ್ನು ನಾನು ದಿನವೂ ನೋಡುತ್ತೇನೆ. ನಾನೂ ಮುಗಿಯುತ್ತೇನೆ. ಆದರೂ ಸೆನ್ಸರ್ ಕೊಳ್ಳುವಾಗ ಹುರುಳಿಯ ಪರೀಕ್ಷೆ ನೆನಪಾಯಿತೇ ಹೊರತು ಇದು ನೆನಪಾಗಲಿಲ್ಲ. ದೂರ ನಿಂತು, ಫ್ರಿಜ್ಜಿನ ಬಳಿಯಿಂದ ಮುಗಿ ಎಂದು ಹೇಳಿ ನೋಡಿದೆ. ದೂರದಿಂದ ಮುಗಿಯುವುದಕ್ಕೆ ಅದೇನು ಪೊಲೀಸಾ ಎಂದಳು ಅಮ್ಮ. ಹಾಗೆ ಅವಳು ತಮಾಷೆ ಮಾಡಿದ್ದು ಅಷ್ಟೇ. ಮರುದಿನವೂ, ಅದರ ಮರುದಿನವೂ ಹಾಗೇ ಆದಾಗ ಅವಳ ಮುಖದಲ್ಲಿ ನಗು ಉಳಿಯಲಿಲ್ಲ. ದೀಪ ಆರಿತು ಎಂಬ ಮಾತನ್ನು ಅಮ್ಮ ಎಂದೂ ಆಡುವವಳಲ್ಲ, ದೀಪ ಶಾಂತವಾಯಿತು ಎನ್ನುತ್ತಾಳೆ. “ನಾನು ಕೈ ಮುಗಿದೇಟ್ಗೇ ಶಾಂತ ಆಗೋಯ್ತದೆ ಕಣೋ. ಈ ಒಲೆ ಮುಂದೆ ನಾನು ನಿಲ್ಲದು ಅದುಕ್ಕೇ ಬ್ಯಾಡ ಅನ್ಸದೆ,” ಎಂದು ಹೇಳಿ ಹಾಲಿಗೆ ಹೋಗಿ ಕೂತಳು.

ಒಂದು ತಪ್ಪು ಮುಚ್ಚಲು ಹಾಕಿಸಿದ ದೀಪ ಅಮ್ಮನನ್ನು ಅಡುಗೆಮನೆಯಿಂದ ಪೂರ್ತಿ ಆಚೆಗೆ ಕಳಿಸಿತ್ತು. ಮರುದಿನ ಬೆಳಿಗ್ಗೆಯೇ ಸಿದ್ದರಾಜುವಿಗೆ ಫೋನು ಮಾಡಿದೆ. ಅವನು ಬಂದು, ತಾನೇ ಒಲೆಯ ಮುಂದೆ ನಿಂತು, ಮೊಣಕಾಲು ಮಡಿಸಿ ಅಮ್ಮನಷ್ಟು ಎತ್ತರವಾಗಿ, ಭಕ್ತಿಯಿಂದ ನಾಲ್ಕು ಸಲ ಕೈ ಮುಗಿದ. ನಾಲ್ಕು ಸಲವೂ ಆರಿತು. ಬೀಸುವ ಕೈ ಯಾವುದು, ಮುಗಿಯುವ ಕೈ ಯಾವುದು ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು ಸಾರ್ ಎಂದ. ಮಾಮೂಲಿ ಸ್ವಿಚ್ಚು ಹಾಕು ಎಂದೆ. ಅವನು ಕೇಳಲಿಲ್ಲ. ಸ್ವಿಚ್ಚಿಗೆ ಮತ್ತೆ ಗೋಡೆ ಕೊರೆಯಬೇಕು, ಅದರ ಬದಲು ಬೇರೆ ಥರದ್ದಿದೆ, ಯಾರೇ ಹತ್ತಿರ ಬಂದರೂ ತಾನಾಗೇ ಹತ್ತುತ್ತದೆ, ಅಲ್ಲಾಟವಿಲ್ಲದಿದ್ದರೆ ಎರಡು ನಿಮಿಷಕ್ಕೆ ತಾನಾಗೇ ಆರುತ್ತದೆ, ಅಮ್ಮಾವ್ರು ಎಷ್ಟು ಸಲ ಬೇಕಾದರೂ ಮುಗಿಯಲಿ ಎಂದ. ಆಗಲಿ ಎಂದೆ. ಆ ‘ಆಗಲಿ’ ನನ್ನ ಬುಡಕ್ಕೇ ಬರುತ್ತದೆ ಎಂದು ಆಗ ಹೊಳೆಯಲಿಲ್ಲ.

ಹೊಸ ಸೆನ್ಸರು ಅಮ್ಮನಿಗೆ ಒಪ್ಪಿಗೆಯಾಯಿತು. ಅವಳು ಬರುತ್ತಿದ್ದಂತೆ ದೀಪ ತಾನಾಗಿ ಹತ್ತುತ್ತದೆ. ಕೈ ಮುಗಿದರೆ ಹಾಗೇ ಉರಿಯುತ್ತದೆ. ದಿನಕ್ಕೆ ಹತ್ತಾರು ಸಲ ಹತ್ತುವ ದೀಪಕ್ಕೆ ಪ್ರತಿಸಲ ಮುಗಿಯಬೇಕೇ ಎಂಬ ಪ್ರಶ್ನೆ ಬಂತು. ಮುಸ್ಸಂಜೆ ಮೊದಲ ಸಲ ಹತ್ತಿದಾಗ ಮುಗಿದರೆ ಸಾಕು ಎಂದು ಅಮ್ಮನೇ ತೀರ್ಮಾನ ಮಾಡಿದಳು. ಒಂದು ವಾರ ಸೊಪ್ಪು ಬಿಡಿಸಿಕೊಟ್ಟಳು. ಇನ್ನೊಂದು ವಾರ ಖಾರ ಅರೆದಳು. ಸುಮಿತ್ರ ಬೇಕೆಂದೇ ಎರಡು ದಿನ ಬೇಳೆ ಸೀಯಿಸಿದಳೋ, ತಾನಾಗಿ ಸೀದಿತೋ ನಾನು ಕೇಳಲಿಲ್ಲ. ಮೂರನೆಯ ದಿನ ಅಮ್ಮ ಸೌಟು ಕಿತ್ತುಕೊಂಡಳು. ಆದರೆ ಅವಳಲ್ಲಿ ಮೊದಲಿನ ಧೈರ್ಯವಿರಲಿಲ್ಲ. ಉಪ್ಪು ಹಾಕುವಾಗ ಸುಮಿತ್ರಳನ್ನು ಕರೆದು, ನೋಡಮ್ಮ, ಒಂದೇ ಸಲ ಹಾಕ್ತಿದ್ದೀನಿ ಎಂದು ತೋರಿಸಿ ಹಾಕುವಳು. ಅದೂ ಅರ್ಧಕ್ಕರ್ಧ. ಬಡಿಸಿ, ಕೇಳದೆ, ನಮ್ಮ ಮುಖವನ್ನೇ ನೋಡುತ್ತ ಕೂರುವಳು. ನಾನಂತೂ ಇನ್ನು ಉಪ್ಪಿನ ಡಬ್ಬಿ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದ್ದೆ.

ಪ್ರತಿಜ್ಞೆ ಹನ್ನೆರಡು ದಿನ ನಡೆಯಿತು. ಹದಿಮೂರನೆಯ ದಿನ ಕಚೇರಿಯಿಂದ ಬೇಗ ಬಂದಿದ್ದೆ. ಮನೆ ತುಂಬ ಉಪ್ಸಾರಿನ ವಾಸನೆ. ಶಾಲೆಯಲ್ಲಿ ಸ್ಪೆಷಲ್ ಕ್ಲಾಸಿದ್ದ ಸುಮಿತ್ರ ಇನ್ನೂ ಬಂದಿರಲಿಲ್ಲ. ಅಮ್ಮ ಹಿತ್ತಲಲ್ಲಿ ತುಳಸಿ ಮುಂದೆ ದೀಪ ಹಚ್ಚುತ್ತಿದ್ದಳು. ಸೂರ್ಯ ಮುಳುಗಿ ಅಡುಗೆಮನೆ ಮಬ್ಬಾಗಿತ್ತು. ಅದು ನನ್ನ ಹಳೆಯ ಹೊತ್ತು, ಹಳೆಯ ಮಬ್ಬು. ಒಂದೇ ಒಂದು ಚಿಟಿಕೆ ಎಂದುಕೊಂಡು ಕಾಲು ತಾನಾಗಿ ಒಳಗೆ ನಡೆಯಿತು. ಲೈಟು ಹಾಕಬಾರದೆಂಬ ಎಚ್ಚರವೂ ಇತ್ತು. ಎರಡೆರಡು ಸಲ ಎಲೆಕ್ಟ್ರಿಷಿಯನ್ ಕರೆಸಿ, ಮುಂದೆ ನಿಂತು ಹಾಕಿಸಿದ ಆ ದೀಪ ಮಾತ್ರ ನನ್ನ ತಲೆಯಲ್ಲಿ ಇರಲಿಲ್ಲ. ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದು ಕೈ ಹಾಕಿದೆ. ಕಟ್ಟೆಯುದ್ದಕ್ಕೂ ಝಗ್ಗನೆ ಬೆಳಕಾಯಿತು. ಹುರುಳಿಯ ಕಲ್ಲು ಆರಿಸಿ ನಾನೇ ಆಯ್ದ ಬೆಳಕು. ಕಲ್ಲುಪ್ಪಿನ ಒಂದೊಂದು ಹರಳೂ, ಅದರೊಳಗೆ ನನ್ನ ಐದು ಬೆರಳೂ ಸ್ಪಷ್ಟವಾಗಿ ಕಂಡವು. ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಅಮ್ಮ.

ಅಮ್ಮ ನನ್ನ ಕಡೆ ನೋಡುತ್ತ, ಎರಡೂ ಕೈ ಜೋಡಿಸಿ, ನಿಧಾನವಾಗಿ ಹಣೆಗೆ ಮುಟ್ಟಿಸಿದಳು. ನನಗೆ ಡಬ್ಬಿಯಿಂದ ಕೈ ತೆಗೆಯಲೂ ಹೊಳೆಯಲಿಲ್ಲ.

“ದೀಪುಕ್ಕೆ ಮುಗಿದಿದ್ದು ಕಣೋ, ನಿಂಗಲ್ಲ,” ಎಂದಳು.

ನನ್ನ ಬಾಯಿಂದ ಹೊರಟ ಮಾತು, “ಕೈ ತಪ್ಪಿ ಆಗೋಯ್ತು ಅಮ್ಮ.” ಹೇಳಿದ ಮೇಲೆ ನನ್ನ ಕಿವಿಗೇ ಅದು ಕೇಳಿಸಿತು. ಆಡಿದವನು ನಾನೋ, ನಾನು ಕೇಸು ಬರೆದ ಯಾವುದೋ ವ್ಯಾಪಾರಿಯೋ ಎನ್ನಿಸಿತು. ಅಮ್ಮ ಹತ್ತಿರ ಬಂದು, ಡಬ್ಬಿ ನೋಡಿ, ಪಾತ್ರೆ ನೋಡಿ, ನನ್ನ ಮುಖ ನೋಡಿದಳು. ಅವಳ ಕಣ್ಣಿಗೆ ಏನೂ ಆಗಿಲ್ಲವೆಂಬುದು ಆ ನೋಟದಲ್ಲೇ ಗೊತ್ತಾಗುತ್ತಿತ್ತು.

“ಚಿಕ್ಕಣ್ಣ ಬಂದಿದ್ನಲ್ಲ, ಅವತ್ತೂ ನೀನೇನಾ?”

“ಹೂಂ ಅಮ್ಮ. ಅವತ್ತೂ ನಾನೇ. ತಪ್ಪಾಯ್ತು.”

ಅಷ್ಟೇ. ಆ ಮಾತು ಹೇಳಲು ಬಾಯಿ ಒಂದು ಸಲ ತೆರೆದರೆ ಸಾಕಾಗಿತ್ತು. ಗೋಡೆ ಕೊರೆಯುವ ಅಗತ್ಯವೇ ಇರಲಿಲ್ಲ. ಅಮ್ಮ ಬೈಯುತ್ತಾಳೆ ಎಂದು ಕಾದೆ. ಅವಳು ಕಟ್ಟೆಯನ್ನು ಹಿಡಿದುಕೊಂಡು ಸುಮ್ಮನೆ ನಿಂತಳು. ನಾನೂ ಅಲ್ಲಾಡದೆ ನಿಂತೆ. ಎಷ್ಟು ಹೊತ್ತು ಹಾಗೆ ನಿಂತೆವೋ, ದೀಪ ಇಬ್ಬರೂ ಇಲ್ಲವೆಂದು ತಿಳಿದು ತಾನಾಗಿ ಆರಿತು. ಮಬ್ಬಿನಲ್ಲಿ ಅಮ್ಮನ ದನಿ ಕೇಳಿಸಿತು: “ಅಂಗಾದ್ರೆ ನನ್ ಕಣ್ಣು ಸರಿಯಾಗೇ ಅದೆ. ತಲೆನೂ ಸರಿಯಾಗೇ ಅದೆ.” ಇಷ್ಟು ತಿಂಗಳು ಅವಳು ಆ ಮೂಲೆಯ ಕುರ್ಚಿಯಲ್ಲಿ ಕೂತು ಯಾವ ಭಯವನ್ನು ನೋಡುತ್ತಿದ್ದಳು ಎಂಬುದು ನನಗೆ ತಿಳಿದದ್ದು ಆಗ. ನನಗೆ ಬಹಳ ನಾಚಿಕೆಯಾಯಿತು. ಸೆರಗಿನಿಂದ ಮುಖ ಒರೆಸಿಕೊಂಡ ಸದ್ದಾಯಿತು. ಆಮೇಲೆ ಎಂದಿನ ದನಿಯಲ್ಲಿ, “ಕೈ ಆಡ್ಸು, ದೀಪ ಬರ್ಲಿ,” ಎಂದಳು. ಆಡಿಸಿದೆ, ಬಂತು. ನನ್ನ ಕೈಯಲ್ಲಿದ್ದ ಡಬ್ಬಿಯನ್ನು ಕಿತ್ತುಕೊಂಡಳು.

ಕ್ಷಮೆ ಸಿಕ್ಕಿತೆಂದುಕೊಂಡು ಹಾಲಿಗೆ ಬಂದು ಕೂತೆ. ಐದು ನಿಮಿಷದಲ್ಲಿ ಅಮ್ಮ ಫೋನು ಹಿಡಿದು ಚಿಕ್ಕಣ್ಣ ಮಾವನಿಗೆ ಎರಡು ಸಲ ಉಪ್ಪು ಬಿದ್ದ ಕಾರಣ ವಿವರಿಸುತ್ತಿದ್ದಳು. ಹಾಕಿದ್ದು ನಾನಲ್ಲ, ನಿನ್ನ ಅಳಿಯ ಎಂಬುದನ್ನು ಮೂರು ಸಲ ಹೇಳಿದಳು. ಮಾವ ಫೋನಿಟ್ಟ ಮೇಲೆ ಅವನ ಹೆಂಡತಿ, ಆಮೇಲೆ ನಮ್ಮ ದೊಡ್ಡಮ್ಮನ ಮಗಳು, ಆಮೇಲೆ ಯಾರ ಯಾರದೋ ಫೋನು. ಊಟದ ಹೊತ್ತಿಗೆ ನಮ್ಮ ಬಂಧುಬಳಗದಲ್ಲಿ ವಿಷಯ ತಿಳಿಯದವರು ಉಳಿದಿರಲಿಲ್ಲ. ಸುಮಿತ್ರ ಶಾಲೆಯಿಂದ ಬಂದು ಕಥೆ ಕೇಳಿ, ನಗದೆ, ಬಹಳ ಶಾಂತವಾಗಿ ಒಂದೇ ಪ್ರಶ್ನೆ ಕೇಳಿದಳು: ಕೈ ತಪ್ಪುವುದು ಯಾವತ್ತೂ ಒಂದೇ ಕಡೆಗೇಕೆ? ಇಪ್ಪತ್ತೆರಡು ವರ್ಷ ಅದನ್ನು ಅವಳ ಮುಂದೆ ಹೇಳುತ್ತ ಬಂದದ್ದಕ್ಕೆ ನನಗೆ ತಕ್ಕ ಶಾಸ್ತಿಯಾಯಿತು.

ಈಗ ಎಲ್ಲ ಸರಿಹೋಗಿದೆ. ಅಮ್ಮ ಯಾರನ್ನೂ ಕರೆದು ತೋರಿಸದೆ ತಾನೊಬ್ಬಳೇ ಉಪ್ಪು ಹಾಕುತ್ತಾಳೆ. ಉಪ್ಪಿನ ಡಬ್ಬಿ ಸೆನ್ಸರಿನ ನೇರ ಕೆಳಕ್ಕೆ ಬಂದಿದೆ. ನಾನು ನೀರು ಕುಡಿಯಲು ಹೋದರೂ ದೀಪ ಹತ್ತುತ್ತದೆ, ಹಾಲಿನಿಂದ ಯಾರು ಅಂತ ಕೂಗು ಬರುತ್ತದೆ. ಹೋದ ತಿಂಗಳು ಡಾಕ್ಟರು ನನ್ನ ಬಿ.ಪಿ. ನೋಡಿ, ಮೂರು ವರ್ಷದ ಮೇಲೆ ಮೊದಲ ಸಲ ಮಾತ್ರೆ ಕಡಿಮೆ ಮಾಡಿ, ತಮ್ಮ ಚಿಕಿತ್ಸೆಯ ಬಗ್ಗೆ ತಾವೇ ಸಂತೋಷಪಟ್ಟರು. ನಾನು ಆ ಸಂತೋಷವನ್ನು ಕೆಡಿಸಲಿಲ್ಲ. ಅಮ್ಮ ಮುದ್ದೆ ಇಟ್ಟು, ಉಪ್ಸಾರು ಬಿಟ್ಟು, ಎದುರಿಗೆ ಕೂತು, ಮತ್ತೆ ಮೊದಲಿನಂತೆ ಕೇಳುತ್ತಾಳೆ: “ಉಪ್ಪು ಸರಿಯಾಗದಾ?”

ಸರಿಯಾಗಿರುವುದಿಲ್ಲ. ಅರ್ಧಕ್ಕರ್ಧವೂ ಇರುವುದಿಲ್ಲ. ಸರಿಯಾಗಿದೆ ಅಮ್ಮ ಎನ್ನುತ್ತೇನೆ. ಇಷ್ಟು ವರ್ಷದ ನೌಕರಿಯಲ್ಲಿ ಕಡಿಮೆ ತೂಕವೆಂದು ತಿಳಿದೂ ನಾನು ದಿನಕ್ಕೆರಡು ಸಲ ಮುದ್ರೆ ಒತ್ತುತ್ತಿರುವುದು ಇದೊಂದಕ್ಕೇ.